ಬಿಸಿಲಿಗೊಬ್ಬರು, ನೆರಳಿಗೊಬ್ಬರು

ಕೂತುಕೊಳ್ಳಿ ಎಂದರೂ ಅವನು ಕೂರಲಿಲ್ಲ. ಕಿಟಕಿಯಿಂದ ನೆಲಕ್ಕೆ ಬಿದ್ದಿದ್ದ ಅಂಗೈಯಗಲದ ಬಿಸಿಲನ್ನು ಹುಡುಕಿಕೊಂಡು ಹೋಗಿ, ಬೆಕ್ಕಿನ ಹಾಗೆ ಅದರಲ್ಲೇ ನಿಂತುಕೊಂಡ.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಟ್ರಾವೆಲ್ ಆಫೀಸಿನಲ್ಲಿ ಹಡಗಿನ ಬುಕಿಂಗ್ ನೋಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ವಯಸ್ಸು ನಲವತ್ತೇಳು. ಮದುವೆಯ ಮಾತು ಬಂದು ಬಂದು ಹೋಗಿ, ಈಗ ಬರುವುದನ್ನೇ ಬಿಟ್ಟಿತ್ತು. ಗಿರಾಕಿಗಳು ಅವಳನ್ನು ಕ್ಯಾಬಿನ್ ಮೇಡಂ ಎನ್ನುತ್ತಿದ್ದರು. ಯಾವ ಹಡಗಿನ ಯಾವ ಮಹಡಿಯಲ್ಲಿ ಎಂಜಿನ್ ಸದ್ದು ಕೇಳಿಸುತ್ತದೆ, ಯಾವ ಬಾಲ್ಕನಿಯ ಎದುರು ಲೈಫ್‌ಬೋಟ್ ತೂಗಿಬಿದ್ದು ಸಮುದ್ರವನ್ನೇ ಮರೆಮಾಡುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ.

ಅವನು ತನ್ನ ಕಷ್ಟ ಹೇಳಿಕೊಂಡ. ಹೊರಡುವವರು ಇಬ್ಬರು, ಅವನು ಮತ್ತು ಅವನ ಅಕ್ಕ. ಅಕ್ಕ ನುಂಗುವ ಒಂದು ಮಾತ್ರೆಯ ದೆಸೆಯಿಂದ, ಬಿಸಿಲು ತಾಗಿದರೆ ಸಾಕು, ಮೈಮೇಲೆ ಕೆಂಪು ಗಂಧೆ ಏಳುತ್ತದೆ. ಅವನಿಗೋ ಬಿಸಿಲೇ ಬೇಕು. ಇಪ್ಪತ್ತೇಳು ವರ್ಷದಿಂದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವನದು.

"ಇರೋದು ಒಂದೇ ಬಾಲ್ಕನಿ. ಅದರಲ್ಲಿ ನನಗೆ ಬಿಸಿಲು, ಅಕ್ಕನಿಗೆ ನೆರಳು," ಎಂದ. "ಎತ್ತು ಏರಿಗೆ, ಕೋಣ ನೀರಿಗೆ. ಬೇರೆ ಎರಡು ಆಫೀಸಲ್ಲಿ ಕೇಳಿದೆ, ನಕ್ಕುಬಿಟ್ರು."

ಅವಳು ನಗಲಿಲ್ಲ. ಹಡಗು ಐದು ದಿನವೂ ದಕ್ಷಿಣಕ್ಕೇ ಹೋಗುತ್ತದೆ, ವಾಪಸು ಬರುವುದು ರೈಲಿನಲ್ಲಿ. ಅಂದಮೇಲೆ ಎಡಗಡೆ ಪೂರ್ವ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ನೆರಳು. ಬೆಳಗಿನ ಹೊತ್ತು ನಿಮ್ಮದು, ಮಧ್ಯಾಹ್ನದ ಹೊತ್ತು ನಿಮ್ಮ ಅಕ್ಕನದು ಎಂದು ಎರಡು ಮಾತಿನಲ್ಲಿ ಹಂಚಿಕೊಟ್ಟಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅವನ ಮುಖ ಅರಳಿದ ರೀತಿ ನೋಡಿ ನಾಲಿಗೆ ಜಾರಿತು.

"ನಾನು ಹೋದಾಗಲೂ ಎಡಗಡೆನೇ ತಗೊಂಡಿದ್ದೆ ಸರ್."

ಅವಳು ಹಡಗು ಹತ್ತಿದವಳೇ ಅಲ್ಲ.

ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಒಬ್ಬ ವಯಸ್ಸಾದ ಹೆಂಗಸು ನೀನು ಹೋಗಿದ್ದೀಯೇನಮ್ಮ ಎಂದು ಕೇಳಿದ್ದರು. ಹೂಂ ಎಂದಿದ್ದಳು. ಅಷ್ಟೇ. ಆ ಒಂದು ಹೂಂ ಅನ್ನು ಸಾಕುವುದಕ್ಕೆ ಆಮೇಲೆ ದಿನಾ ಏನಾದರೂ ತಂದು ಹಾಕಬೇಕಾಯಿತು. ಪ್ರವಾಸ ಮುಗಿಸಿ ಬಂದವರು ಬಾಯಿತುಂಬ ಹೇಳುವುದನ್ನು ಕೇಳಿಸಿಕೊಂಡು, ಒಬ್ಬರಿಂದ ಬೆಳಗಿನ ಹಕ್ಕಿಗಳನ್ನು, ಇನ್ನೊಬ್ಬರಿಂದ ಕಂಬಿಯ ಮೇಲೆ ಕೂರುವ ಉಪ್ಪಿನ ಪುಡಿಯನ್ನು, ಮತ್ತೊಬ್ಬರಿಂದ ಕಾಲಕೆಳಗೆ ನೆಲ ಉಸಿರಾಡಿದಂತೆ ಅನಿಸುವುದನ್ನು ಎತ್ತಿಟ್ಟುಕೊಂಡಳು. ಹೀಗೆ ಬೇರೆಯವರ ತುಂಡುಗಳನ್ನೇ ಸೇರಿಸಿ ಹೊಲಿದ ಒಂದು ಪ್ರವಾಸ ಅವಳದಾಯಿತು. ಇದರಿಂದ ಯಾರಿಗೂ ನಷ್ಟವಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಆದರೂ ಯಾರಾದರೂ ಯಾವ ವರ್ಷ ಹೋಗಿದ್ರಿ ಎಂದು ಕೇಳಿದರೆ, ಸರಿಯಾಗಿ ಆಗಲೇ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು.

ಅವನು ವಾರಕ್ಕೊಮ್ಮೆ ಬರತೊಡಗಿದ. ಪ್ರತಿ ಸಲವೂ ಒಂದು ಪ್ರಶ್ನೆ ಇರುತ್ತಿತ್ತು. ಬಾಲ್ಕನಿಯ ಬಾಗಿಲು ಸರಿಯುವುದೋ, ತೆರೆಯುವುದೋ? ಕಂಬಿ ಗಾಜಿನದೋ, ಕಬ್ಬಿಣದ್ದೋ? ಉತ್ತರದ ಜೊತೆಗೆ ಅವಳು ಹಕ್ಕಿಗಳನ್ನೂ ಉಪ್ಪನ್ನೂ ಉಸಿರಾಡುವ ನೆಲವನ್ನೂ ತನ್ನವೆಂದೇ ಹೇಳುತ್ತಿದ್ದಳು. ಫೋನಿನಲ್ಲಿ ಕೇಳಿದರೆ ಮುಗಿಯುವ ಪ್ರಶ್ನೆಗಳಿಗೆ ಅವನು ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ. ಅವಳು ಅದನ್ನು ಗಮನಿಸಿದ್ದಳು. ಗಮನಿಸದವಳಂತೆ ಇದ್ದಳು.

ಒಂದು ದಿನ ಬಿಸಿಲು ಹೇಗೆ ಹೊರಳುತ್ತದೆ ತೋರಿಸಿ ಎಂದ. ಮೇಜಿನ ದೀಪ ಸೂರ್ಯನಾಯಿತು, ಸ್ಟೇಪ್ಲರ್ ಹಡಗಾಯಿತು. ಅವಳು ಹಡಗನ್ನು ಮೆಲ್ಲಗೆ ದಕ್ಷಿಣಕ್ಕೆ ತಳ್ಳಿದಳು. ಅವನು ಸೂರ್ಯನನ್ನು ಎತ್ತಿ ಪಶ್ಚಿಮದ ಕಡೆಗೆ ಒಯ್ದ. ಬೆಳಕು ಅವಳ ಮಣಿಕಟ್ಟನ್ನು ದಾಟಿ, ತೋಳನ್ನು ಹತ್ತಿ, ಕೊರಳ ಹತ್ತಿರ ಬಂದು ನಿಂತುಬಿಟ್ಟಿತು. ಸೂರ್ಯ ಮುಳುಗುವುದನ್ನೇ ಮರೆತಿದ್ದ.

"ಸರ್, ಸಂಜೆ ಆಗ್ಬೇಕಲ್ಲ."

"ಆಗತ್ತೆ. ಅವಸರ ಏನು."

ಅವಳು ಕಾಗದ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಅವನು ದೀಪವನ್ನು ಇಟ್ಟು, ತನಗೊಂದು ದೊಡ್ಡ ಕೊರತೆಯಿದೆ ಎಂದು ಹೇಳಿಕೊಂಡ. ಜನರ ಮೂಳೆಗಳನ್ನೇ ನೋಡಿ ನೋಡಿ ಅವನಿಗೆ ಮುಖಗಳು ನೆನಪಿರುವುದಿಲ್ಲವಂತೆ. ಬೆನ್ನುಮೂಳೆ ತೋರಿಸಿದರೆ ಯಾರದೆಂದು ಹೇಳಬಲ್ಲ, ಬೀದಿಯಲ್ಲಿ ಎದುರಿಗೆ ಸಿಕ್ಕರೆ ಗುರುತು ಹಿಡಿಯಲಾರ.

"ನಿಮ್ಮ ಮುಖ ಮಾತ್ರ ಹೇಗೋ ನಿಂತುಬಿಟ್ಟಿದೆ," ಎಂದ, ಸ್ಟೇಪ್ಲರನ್ನು ನೋಡುತ್ತ.

ಆಮೇಲೆ, ನೀವು ಹೋದಾಗ ಜೊತೆಗೆ ಯಾರಿದ್ದರು ಎಂದು ಕೇಳಿದ. ಆ ಪ್ರಶ್ನೆಗೆ ಅವಳ ಹತ್ತಿರ ಯಾರ ತುಂಡೂ ಇರಲಿಲ್ಲ. ಯಾರೂ ಇರಲಿಲ್ಲ, ಒಬ್ಬಳೇ ಹೋಗಿದ್ದೆ ಎಂದಳು. ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಿರುತ್ತಾರೆ, ಅದರಲ್ಲೊಂದು ಐದು ದಿನವೂ ಖಾಲಿಯಿತ್ತು ಎಂದಳು. ಹೇಳುವಾಗ ದನಿ ಯಾಕೋ ಸಣ್ಣಗಾಯಿತು.

ಅವನು ಸ್ಟೇಪ್ಲರನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದ. "ಒಬ್ರೇ ಹೋದ್ರಾ," ಎಂದ. "ಗಟ್ಟಿ ಗುಂಡಿಗೆ ನಿಮ್ಮದು."

ಆ ಮೆಚ್ಚುಗೆ ಅವಳಿಗೆ ಬೇರೆ ಯಾರದೋ ವಿಳಾಸದ ಪಾರ್ಸೆಲ್ಲಿನ ಹಾಗೆ ಬಂದು ಮುಟ್ಟಿತು. ಬಿಚ್ಚುವ ಹಾಗಿಲ್ಲ, ಹಿಂದಿರುಗಿಸಲು ಮನಸ್ಸಿಲ್ಲ. ಒಬ್ಬಳೇ ಹಡಗು ಹತ್ತಿದ ಆ ದಿಟ್ಟ ಹೆಂಗಸನ್ನು ಅವನು ಹಚ್ಚಿಕೊಳ್ಳುತ್ತಿದ್ದಾನೆ. ಅವಳ ಜಾಗದಲ್ಲಿ ತಾನು ಕೂತು ಅವನ ನೋಟವನ್ನು ತೆಗೆದುಕೊಳ್ಳುತ್ತಿದ್ದೇನೆ. ಆ ಸಂಜೆ ಮನೆಗೆ ನಡೆಯುವಾಗ ಅಂಗಡಿಗಳ ಗಾಜಿನಲ್ಲಿ ತನ್ನ ಮುಖ ಕಾಣದ ಹಾಗೆ ರಸ್ತೆಯ ಆಚೆ ಬದಿಯಲ್ಲಿ ನಡೆದಳು.

ಹೊರಡಲು ಹನ್ನೆರಡು ದಿನ ಉಳಿದಿರುವಾಗ ಬೇಕರಿಯ ಯಜಮಾನಿ ಬಂದರು. ಅದೇ ಹಡಗಿನಲ್ಲಿ, ಅದೇ ದಾರಿಯಲ್ಲಿ ಗಂಡನೊಡನೆ ಹೋಗಿ ಬಂದವರು. ಅವರಿಗೂ ಎಡಗಡೆಯ ಬಾಲ್ಕನಿಯನ್ನೇ ಅವಳು ಕೊಡಿಸಿದ್ದಳು. ಫೋಟೋ ತೋರಿಸುತ್ತ, ಬೆಳಗಿನ ಬಿಸಿಲು ಹೇಗಿತ್ತು ಎಂಬ ಅವಳ ಮಾತಿಗೆ ಆಕೆ ನಕ್ಕುಬಿಟ್ಟರು.

"ಎಡಾನೋ ಬಲಾನೋ, ಹಗಲು ಹಡಗು ನಡೆದ್ರೆ ತಾನೆ ಮೇಡಂ. ರಾತ್ರಿಯೆಲ್ಲ ನಡೆಯತ್ತೆ, ಬೆಳಗಾದ್ರೆ ಯಾವುದಾದ್ರೂ ಬಂದರಲ್ಲಿ ಹಗ್ಗ ಕಟ್ಟಿ ನಿಂತುಬಿಡತ್ತೆ. ಒಂದಿನ ಗೋಡೌನ್ ಗೋಡೆ ನೋಡ್ಕೊಂಡು ಕೂತ್ವಿ. ಮಾರನೇ ದಿನ ಮಧ್ಯಾಹ್ನ ಪೂರ್ತಿ ಬೆಂದುಹೋದ್ವಿ. ನಿಮಗೆ ಗೊತ್ತಿಲ್ಲದ್ದಾ."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆಕೆ ಹೋದ ಮೇಲೆ ವೇಳಾಪಟ್ಟಿ ತೆಗೆದು ನೋಡಿದಳು. ಬೆಳಿಗ್ಗೆ ಏಳಕ್ಕೆ ತಲುಪುವುದು, ಸಂಜೆ ಆರಕ್ಕೆ ಬಿಡುವುದು. ಐದು ದಿನವೂ ಅಷ್ಟೇ. ಇಷ್ಟು ದಿನ ಅದು ಕಣ್ಣೆದುರಿಗೇ ಇತ್ತು. ಹಡಗು ಯಾವ ದಿಕ್ಕಿಗೆ ಹೋಗುತ್ತದೆ ಎಂದು ನೋಡಿದ್ದಳೇ ಹೊರತು ಯಾವ ಹೊತ್ತಿನಲ್ಲಿ ಹೋಗುತ್ತದೆ ಎಂದು ನೋಡಿರಲಿಲ್ಲ. ಮೊದಲಿನ ಹಡಗುಗಳು ದಿನಗಟ್ಟಲೆ ನಿಲ್ಲದೆ ಸಾಗುತ್ತಿದ್ದವು, ಅವಳ ಎಡಬಲದ ಪಾಠ ಹೇಗೋ ಸರಿಹೋಗುತ್ತಿತ್ತು. ಈ ಹೊಸ ಹಡಗು ಬೇರೆ ಥರದ್ದು. ಒಂದೇ ಒಂದು ಸಲ ಇದರಲ್ಲಿ ಮಲಗಿ ಎದ್ದವರು ಯಾರೂ ಮಾಡಲಾರದ ತಪ್ಪು ಇದು. ಅಕ್ಕನ ಮೈಮೇಲೆ ಗಂಧೆ ಏಳುವುದು ಕಣ್ಣಿಗೆ ಕಟ್ಟಿತು. ಗೋಡೌನಿನ ಗೋಡೆಗೆ ಮುಖ ಮಾಡಿ ಕೂತ ಅವನೂ ಕಂಡ. ಇನ್ನೊಂದು ಕಿಟಕಿಯಿಲ್ಲದ ಕೋಣೆಯನ್ನೇ ತಾನು ಅವನಿಗೆ ಆರಿಸಿಕೊಟ್ಟಿದ್ದಳು.

ಹಡಗಿನ ಕಂಪನಿಗೆ ಫೋನ್ ಮಾಡಿದಳು. ಬಂದರಿನಲ್ಲಿ ಹಡಗು ಯಾವ ಮಗ್ಗುಲಾಗಿ ನಿಲ್ಲುತ್ತದೆ ಎಂದು ಕೇಳಿದಳು. ಅದು ಆ ದಿನದ ಗಾಳಿ, ಜಾಗ ನೋಡಿ ಕ್ಯಾಪ್ಟನ್ ಮಾಡುವ ತೀರ್ಮಾನ, ಮೊದಲೇ ಹೇಳಲಾಗದು ಎಂದ ಆಚೆಯ ಹುಡುಗಿ, ಬುಕಿಂಗ್ ನೋಡುವವರೆಲ್ಲ ಒಮ್ಮೆಯಾದರೂ ಹಡಗಿನಲ್ಲಿ ಹೋದವರೇ ಅಲ್ಲವೇ, ನಿಮಗೇ ತಿಳಿದಿರುತ್ತದಲ್ಲ ಎಂದಳು.

"ಇಲ್ಲಮ್ಮ. ನಾನು ಹಡಗನ್ನ ಹತ್ತಿರದಿಂದ ನೋಡಿದವಳೂ ಅಲ್ಲ. ಸ್ವಲ್ಪ ಬಿಡಿಸಿ ಹೇಳು."

ಮುಖ ಕಾಣದವರ ಮುಂದೆ ಹೇಳುವುದು ಅಷ್ಟು ಸುಲಭವಾಗಿತ್ತು. ಹುಡುಗಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಹಡಗಿನ ಹಿಂಬದಿಯ ಕೊನೆಯಲ್ಲಿ ಕೆಲವು ಕ್ಯಾಬಿನ್‌ಗಳಿವೆ. ಅವುಗಳ ಬಾಲ್ಕನಿ ಬೇರೆಯವಕ್ಕಿಂತ ಎರಡರಷ್ಟು ಉದ್ದ. ಮೇಲಿನ ಮಹಡಿ ಒಳಗಿನ ಅರ್ಧವನ್ನು ಮಾತ್ರ ಮುಚ್ಚುತ್ತದೆ, ಹೊರಗಿನ ಅರ್ಧಕ್ಕೆ ತೆರೆದ ಆಕಾಶ. ಹಡಗು ಹೇಗೇ ನಿಲ್ಲಲಿ, ಕುರ್ಚಿಯನ್ನು ಒಂದಿಷ್ಟು ಸರಿಸಿಕೊಂಡರೆ ಬಿಸಿಲಿಗೂ ಜಾಗವಿದೆ, ನೆರಳಿಗೂ ಜಾಗವಿದೆ. ಅಂಥದ್ದು ಒಂದೇ ಉಳಿದಿತ್ತು. ಮಾರನೆಯ ದಿನ ಮಧ್ಯಾಹ್ನದೊಳಗೆ ಪ್ರಯಾಣಿಕರ ಸಹಿಯಿರುವ ಫಾರ್ಮ್ ತಲುಪಿದರೆ ಬದಲಾಯಿಸಿಕೊಡುವುದಾಗಿ ಹೇಳಿದಳು.

ಬೆಳಿಗ್ಗೆ ಫಾರ್ಮ್ ಹಿಡಿದು ಆಸ್ಪತ್ರೆಗೆ ಹೋದಳು. ಬಸ್ಸಿನಲ್ಲೇ ಮಾತು ಸಿದ್ಧಮಾಡಿಕೊಂಡಿದ್ದಳು. ಇನ್ನೂ ಒಳ್ಳೆಯ ಕ್ಯಾಬಿನ್ ಒಂದು ಖಾಲಿಯಾಗಿದೆ, ಸಹಿ ಮಾಡಿ. ಅಷ್ಟೇ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ನೆಲಮಾಳಿಗೆಯಲ್ಲಿ ಹಗಲಲ್ಲೂ ಟ್ಯೂಬ್‌ಲೈಟು. ಬೆಂಚಿನ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡವರು, ಕಾಲು ಚಾಚಿ ಕೂತವರು. ಬಾಗಿಲ ಮೇಲೆ ಕೆಂಪು ಬಲ್ಬು ಉರಿಯುತ್ತಿತ್ತು. ಒಳಗಿನಿಂದ ಅವನ ದನಿ, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಹಾಂ, ಈಗ ಬಿಡಿ. ಹೊರಗೆ ಕೂತ ಅವಳೂ ಉಸಿರು ಹಿಡಿದಿದ್ದಳು. ಬಿಡಿ ಎಂದಾಗಲೇ ಅದು ಗೊತ್ತಾದದ್ದು.

ಭಾರವಾದ ಸೀಸದ ಏಪ್ರನ್ ತೊಟ್ಟೇ ಅವನು ಹೊರಗೆ ಬಂದ. ಅವಳನ್ನು ಕಂಡು ಅವನ ಮುಖದಲ್ಲಿ ಮೂಡಿದ ಬೆಳಕಿಗೆ ಅವಳು ಕಣ್ಣು ತಗ್ಗಿಸಿದಳು. ಸಿದ್ಧಮಾಡಿಕೊಂಡ ಮಾತು ತಪ್ಪಿಲ್ಲದೆ ಹೊರಬಂತು. ಅವನು ಫಾರ್ಮನ್ನು ಗೋಡೆಗೆ ಒತ್ತಿಹಿಡಿದು, ಒಂದಕ್ಷರವನ್ನೂ ಓದದೆ ಸಹಿ ಹಾಕಿದ.

"ಓದಿ ಸರ್."

"ನೋಡಿ ಬಂದಿರೋರು ನೀವು. ನಾನು ಓದೋದೇನು." ಪೆನ್ನು ಕೊಡುತ್ತ ದನಿ ತಗ್ಗಿಸಿದ. "ಅಕ್ಕ ಮೊದಲು ಒಪ್ಪಿರಲೇ ಇಲ್ಲ, ಗೊತ್ತಾ. ನೀರು ಅಂದ್ರೆ ಜೀವಭಯ ಅವಳಿಗೆ. ನೀವು ಒಬ್ರೇ ಹೋಗಿ ಬಂದಿದ್ದನ್ನ ಹೇಳಿದ ಮೇಲೇ ಒಪ್ಪಿದ್ದು."

ಅವಳು ನಕ್ಕಂತೆ ಮಾಡಿ ಹೊರಟಳು. ಮೆಟ್ಟಿಲು ಹತ್ತತೊಡಗಿದಳು. ಅರ್ಧ ಹತ್ತಿ ನಿಂತಳು. ಮೇಲೆ ಬಾಗಿಲಿನಾಚೆ ರಸ್ತೆ ಕಾಣುತ್ತಿತ್ತು. ಫಾರ್ಮ್ ಕೈಯಲ್ಲಿತ್ತು, ಕ್ಯಾಬಿನ್ ಸರಿಯಾಗಿತ್ತು, ಯಾರಿಗೂ ಏನೂ ತಿಳಿಯಬೇಕಾಗಿರಲಿಲ್ಲ. ಆದರೆ ನೀರಿಗೆ ಹೆದರುವ ಒಬ್ಬ ಹೆಂಗಸು ತನ್ನ ಸುಳ್ಳನ್ನೇ ಕೈಗಂಬಿ ಎಂದುಕೊಂಡು ಹಿಡಿದು ಹಡಗು ಹತ್ತುತ್ತಾಳೆ. ಅಷ್ಟನ್ನು ನೆನೆದಾಗ ಮುಂದಿನ ಮೆಟ್ಟಿಲಿಗೆ ಕಾಲು ಏಳಲಿಲ್ಲ.

ವಾಪಸು ಇಳಿದಳು. ಅವನು ಬಾಗಿಲಲ್ಲೇ ಇದ್ದ.

"ಸರ್, ನಾನು ಹಡಗು ಹತ್ತಿಲ್ಲ."

"ಯಾವ ಹಡಗು, ಇದನ್ನಾ?"

"ಯಾವುದನ್ನೂ."

ಹೇಳಿದಳು. ಹನ್ನೊಂದು ವರ್ಷದ್ದನ್ನು ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. ಎಡಗಡೆ ಎಂದದ್ದು ತಪ್ಪು, ಆ ತಪ್ಪನ್ನು ಮುಚ್ಚಲು ಈಗ ಬಂದದ್ದು ಎಂಬುದನ್ನೂ ಸೇರಿಸಿದಳು. ಬೆಂಚಿನ ಮೇಲಿದ್ದವರು ಕೈಕಾಲು ನೋವು ಮರೆತು ಇತ್ತ ತಿರುಗಿದ್ದರು. ಏಪ್ರನ್ನಿನ ಗಂಟು ಬಿಚ್ಚುತ್ತಿದ್ದ ಅವನ ಕೈ ಅಲ್ಲೇ ನಿಂತಿತ್ತು.

"ಆ ಉಪ್ಪು?"

"ಅದು ಒಬ್ಬರು ಮೇಷ್ಟ್ರ ಹೆಂಡತಿ ಹೇಳಿದ್ದು."

"ನೆಲ ಉಸಿರಾಡತ್ತೆ ಅಂದಿದ್ದು?"

"ಅದೂ ಬೇರೆಯವರದು."

ಅವನು ಅವಳ ಮುಖವನ್ನೇ ನೋಡಿದ. "ಅದರಲ್ಲಿ ನಿಮ್ಮದು ಅಂತ ಏನಾದ್ರೂ ಇದೆಯಾ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ನೆಲಮಾಳಿಗೆಯ ನೆಲ ಗಟ್ಟಿಯಾಗಿತ್ತು.

"ಖಾಲಿ ಕುರ್ಚಿ," ಎಂದಳು. "ಅದೊಂದು ನಂದು."

ಅವನು ಕೈ ಚಾಚಿ ಫಾರ್ಮನ್ನು ವಾಪಸು ತೆಗೆದುಕೊಂಡ. ಟ್ಯೂಬ್‌ಲೈಟಿಗೆ ಎತ್ತಿಹಿಡಿದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಬೆರಳಿಟ್ಟು ಓದಿದ. ಅವನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಬೆರಳು ಒಂದೊಂದೇ ಸಾಲು ಇಳಿಯುವುದನ್ನು ನೋಡುತ್ತ ನಿಲ್ಲುವುದು ಅವಳ ಕೈಲಾಗಲಿಲ್ಲ, ಆದರೂ ನಿಂತಳು.

"ಸರಿ ಇದೆ," ಎಂದು ಕೊಟ್ಟ. ಮುಂದಿನ ರೋಗಿಯನ್ನು ಕರೆದ. ಬಾಗಿಲು ಮುಚ್ಚಿತು, ಕೆಂಪು ಬಲ್ಬು ಹತ್ತಿತು.

ಮೂರು ದಿನದ ಮೇಲೆ ಆಫೀಸಿನ ಮೆಟ್ಟಿಲು ಹತ್ತಿ ಬಂದವರು ಅವನ ಅಕ್ಕ. ಕೈಗೆ ಗ್ಲೌಸು, ಒಳಗೆ ಬಂದ ಮೇಲೂ ಮಡಿಸದ ಕೊಡೆ, ಟೀಚರಾಗಿ ಇಡೀ ಶಾಲೆಗೆ ಕೇಳಿಸಿ ರೂಢಿಯಾದ ದನಿ.

"ನೀನೇನಾ ಆ ಹೋಗದೇ ಇರೋಳು?"

ಆಫೀಸಿನ ಯಜಮಾನರು ಪೇಪರಿನಿಂದ ತಲೆಯೆತ್ತಿದರು. ಕಾಯುತ್ತ ಕೂತಿದ್ದ ಇಬ್ಬರು ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಎದ್ದು ನಿಂತು, ಹೌದು, ನಾನೇ ಎಂದಳು. ಕೆನ್ನೆಯೆಲ್ಲ ಉರಿಯುತ್ತಿತ್ತು.

ಅಕ್ಕ ಕೂತರು. ಮನೆಯಲ್ಲಿ ತಮ್ಮ, ಪುಟ್ಟ, ಮೂರು ದಿನದಿಂದ ಮಾತು ಬಿಟ್ಟಿದ್ದಾನೆ ಎಂದರು. ಪುಟ್ಟನಿಗೆ ಐವತ್ತೆರಡು ವರ್ಷ, ಸಿಟ್ಟು ಬಂದರೆ ಈಗಲೂ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಅವಳು ಕ್ಷಮೆ ಕೇಳಿದಳು. ಬೇಡವಾದರೆ ಬುಕಿಂಗ್ ಕ್ಯಾನ್ಸಲ್ ಮಾಡಿಸುವ ಜವಾಬ್ದಾರಿ ತನ್ನದು ಎಂದಳು.

"ಕ್ಯಾನ್ಸಲ್ ಯಾಕೆ? ಪೆಟ್ಟಿಗೆ ಕಟ್ಟಿ ಆಗಿದೆ." ಅಕ್ಕ ಗ್ಲೌಸನ್ನು ಒಂದೊಂದೇ ಬೆರಳಿನಿಂದ ಎಳೆದು ತೆಗೆದರು. "ನೀನು ಒಬ್ಳೇ ಹೋಗಿದ್ದೆ ಅಂದಾಗ ನನಗೆ ಧೈರ್ಯ ಬಂದಿತ್ತು ಅಂತ ಅವನು ತಿಳ್ಕೊಂಡಿದ್ದಾನೆ. ಧೈರ್ಯ ಅಲ್ಲ ಕಣಮ್ಮ, ಹೊಟ್ಟೆಕಿಚ್ಚು. ಅವಳ್ಯಾರೋ ಹೋಗ್ತಾಳೆ, ನಾನು ಅರವತ್ತು ದಾಟಿದ್ರೂ ಸ್ನಾನಕ್ಕೆ ಬಕೆಟ್ ನೀರು ಸಾಕು ಅಂತ ಕೂತಿದ್ದೀನಲ್ಲ ಅಂತ."

ಅವಳು ಬುಕಿಂಗ್ ಫೈಲನ್ನು ಮತ್ತೆ ಡ್ರಾಯರಿನೊಳಗೆ ಇಟ್ಟಳು.

"ಅವನು ನಿನ್ನ ಜೊತೆ ಇನ್ನು ಮಾತಾಡ್ತಾನೋ ಇಲ್ವೋ, ನನಗೆ ಗೊತ್ತಿಲ್ಲ. ನಿನ್ನ ಪರ ಶಿಫಾರಸಂತೂ ಮಾಡಲ್ಲ. ತಪ್ಪು ತಪ್ಪೇ," ಎಂದು ಕಡ್ಡಿ ಮುರಿದಂತೆ ಹೇಳಿ ಅಕ್ಕ ಎದ್ದರು. ಬಾಗಿಲ ಬಳಿ ತಿರುಗಿ ನಿಂತರು. "ಗೊತ್ತಿಲ್ಲ ಅನ್ನೋದನ್ನ ರೂಢಿ ಮಾಡ್ಕೊ. ಮೊದಮೊದಲು ಬಾಯಿ ಕಹಿ ಆ‌ಗತ್ತೆ. ಆಮೇಲೆ ಒಳ್ಳೆ ನಿದ್ದೆ ಬರತ್ತೆ."

ರೂಢಿ ಮಾಡಿಕೊಂಡಳು. ಬಂದವರಿಗೆಲ್ಲ, ನಾನು ಹೋಗಿಲ್ಲ, ಹೋದವರನ್ನು ಕೇಳಿ ಹೇಳುತ್ತೇನೆ ಎಂದಳು. ಕೆಲವರು ಎದ್ದು ಹೋದರು. ಯಜಮಾನರು ಒಂದು ವಾರ ಮುಖ ಊದಿಸಿಕೊಂಡಿದ್ದರು. ಅವನಿಂದ ಒಂದು ಮಾತೂ ಇಲ್ಲ. ಹಡಗು ಬಿಡುವ ಸಂಜೆ ಅವಳು ಬಂದರಿನ ಕಡೆಗೆ ಹೋಗಲಿಲ್ಲ. ಆರು ಗಂಟೆಯಾದದ್ದನ್ನು ಗೋಡೆಯ ಗಡಿಯಾರದಲ್ಲಿ ನೋಡಿ, ಒಂದು ತೊಳೆದ ಲೋಟವನ್ನೇ ಮತ್ತೆ ತೊಳೆದಿಟ್ಟಳು. ಅವನನ್ನು ನೆನೆಯುವುದಕ್ಕೂ ತನಗೆ ಹಕ್ಕಿಲ್ಲವೆಂದುಕೊಂಡಳು. ಹಕ್ಕಿಲ್ಲದೆಯೇ ನೆನೆದಳು.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಆಫೀಸಿನ ಫೋನು ರಿಂಗಾಯಿತು. ಎದುರಿಗೆ ಮಧುಚಂದ್ರಕ್ಕೆ ಹೊರಟ ಜೋಡಿಯೊಂದು ಕೂತಿತ್ತು.

"ನಾನು," ಎಂದ. ಹಿಂದೆ ಗಾಳಿಯ ಸದ್ದು. "ಬಾಲ್ಕನೀಲಿದ್ದೀನಿ. ಈಗ ಇಲ್ಲಿ ಬಿಸಿಲು ಎಲ್ಲಿರಬೇಕು, ಹೇಳಿ ನೋಡೋಣ."

ಪರೀಕ್ಷೆಯೋ, ಚೇಷ್ಟೆಯೋ, ದನಿಯಲ್ಲಿ ಗೊತ್ತಾಗಲಿಲ್ಲ. ಎದುರಿನ ಗೋಡೆಯ ಮೇಲೆ ಹಡಗಿನ ನಕ್ಷೆಯಿತ್ತು. ಹೊತ್ತು, ದಿಕ್ಕು ಎಲ್ಲ ತಲೆಯಲ್ಲಿ ತಾವಾಗಿಯೇ ಜೋಡಿಸಿಕೊಂಡು ನಾಲಿಗೆಯ ತುದಿಗೆ ಬಂದು ನಿಂತವು. ಅವಳು ಅವನ್ನು ನುಂಗಿಕೊಂಡಳು.

"ಗೊತ್ತಿಲ್ಲ ಸರ್. ನೀವು ಹೇಳಿ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು. ಆಮೇಲೆ ಹೇಳಿದ. ನೆರಳಿನ ಗೆರೆ ಬಾಲ್ಕನಿಯನ್ನು ಅಡ್ಡಲಾಗಿ ಸೀಳಿದೆ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಅಕ್ಕ ಒಳಗಿನ ಅರ್ಧದಲ್ಲಿ, ನೆರಳಿನಲ್ಲೂ ಕೊಡೆ ಬಿಚ್ಚಿಕೊಂಡು ಕೂತಿದ್ದಾಳೆ, ಹಡಗು ಅಲ್ಲಾಡಿದಾಗಲೆಲ್ಲ ಅದಕ್ಕೆ ಬೈಯುತ್ತಾಳೆ. ತಾನು ಹೊರಗಿನ ಅರ್ಧದಲ್ಲಿ, ಮೂಗು ಆಗಲೇ ಸುಟ್ಟಿದೆ. ಹೇಳುತ್ತ ಹೇಳುತ್ತ ಅವನ ದನಿ ಮೆತ್ತಗಾಯಿತು.

"ಹೊರಡೋವರೆಗೂ ಸಿಟ್ಟಿತ್ತು. ಹತ್ತಿದ ಮೇಲೂ ಒಂದಿನ ಇತ್ತು. ಇಲ್ಲಿ ನೋಡಿದ್ರೆ ನೀವು ಹೇಳಿದ್ದೆಲ್ಲ ಇದೆ ರೀ. ಕಂಬಿ ಮೇಲೆ ಉಪ್ಪು ಇದೆ, ಹಕ್ಕಿ ಇದೆ, ನೆಲ ಉಸಿರಾಡತ್ತೆ. ನೀವು ಮಾತ್ರ ಇಲ್ಲ."

ಅವಳು ಫೋನಿನ ವೈರನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳ ತುದಿ ಬೆಳ್ಳಗಾಗಿತ್ತು.

"ಬಿಸಿಲು ಅಕ್ಕನಿಗಾಗಲ್ಲ, ನೆರಳು ನನಗೆ ಬೇಡ. ಗೆರೆ ಹತ್ತಿರ, ಅತ್ತಲೂ ಅಲ್ಲ ಇತ್ತಲೂ ಅಲ್ಲ, ಒಬ್ಬರು ಕೂರೋಷ್ಟು ಜಾಗ ಸುಮ್ನೆ ಉಳಿದಿದೆ. ಇನ್ನೊಂದು ಸಲ ಹೊರಡ್ತೀವಿ ನಾವು. ನೀವೂ ಬರ್ತೀರಾ?"

ಸಂತೋಷಕ್ಕಿಂತ ಮೊದಲು ನಾಚಿಕೆಯೇ ಬಂತು. ಅವನಿಗೆ ಹೇಳದ್ದು ಇನ್ನೂ ಒಂದು ಉಳಿದಿತ್ತು. ಹನ್ನೊಂದು ವರ್ಷದಲ್ಲಿ ಕಂಪನಿಯವರು ಮೂರು ಸಲ ಅವಳನ್ನು ಬಿಟ್ಟಿಯಾಗಿ ಕರೆದಿದ್ದರು. ಮೂರು ಸಲವೂ ಅವಳು ಜ್ವರದ ನೆಪ ಹೇಳಿದ್ದಳು. ಅಸಲು ಕಾರಣವನ್ನು ಮನೆಯವರಿಗೂ ಹೇಳಿರಲಿಲ್ಲ.

"ನನಗೆ ಬಸ್ಸಲ್ಲೇ ವಾಂತಿ ಆಗತ್ತೆ ಸರ್," ಎಂದಳು. "ನಿಮ್ಮ ಆಸ್ಪತ್ರೆಗೆ ಬಂದ ದಿನಾನೂ ಗೇಟಿನ ಹತ್ತಿರ ಆಗಿತ್ತು."

ಮಧುಚಂದ್ರದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಯಜಮಾನರು ಪೇಪರನ್ನು ಮೆಲ್ಲಗೆ ಮಡಿಸಿದರು. ಆ ಕಡೆ ಅವನು ಅಕ್ಕನಿಗೆ ಏನೋ ಹೇಳಿದ್ದು, ಅಕ್ಕ ಅಲ್ಲಿಂದಲೇ ಏನೋ ಕೂಗಿದ್ದು ಕೇಳಿಸಿತು.

"ಅವಳಿಗೂ ಮೊದಲ ದಿನ ಅದೇ ಆಯ್ತಂತೆ, ಅದರಲ್ಲೇನು ದೊಡ್ಡಸ್ತಿಕೆ ಅಂತಿದ್ದಾಳೆ," ಎಂದ ಅವನು, ನಗು ತಡೆದು. "ಮತ್ತೆ ನಾನು ಆಸ್ಪತ್ರೆಯವನು. ಅದಕ್ಕೆಲ್ಲ ಹೆದರಲ್ಲ. ಬರ್ತೀರೋ ಇಲ್ವೋ, ಅಷ್ಟು ಹೇಳಿ."

ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಕಿವಿಯ ತುದಿಯವರೆಗೂ ಬಿಸಿಯೇರಿತ್ತು. ದನಿ ತಗ್ಗಿಸಬೇಕೆನಿಸಿತು, ತಗ್ಗಿಸಲಿಲ್ಲ.

"ಬರ್ತೀನಿ," ಎಂದಳು.